ಕಿವಿಯೊಳಗೆ ಇಣುಕಿದ ಕಥೆ

ಹಳೆಯ ಚಲನಚಿತ್ರಗಳಲ್ಲಿ, ವಾರಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಬರುತ್ತಿದ್ದ ಡಾಕ್ಟರನ್ನು ಒಮ್ಮೆ ನೆನಪಿಸಿಕೊಳ್ಳಿ. ಬಿಳಿ ಕೋಟು, ಕೊರಳಲ್ಲಿ ಸ್ಟೆತಾಸ್ಕೋಪು, ಹಣೆಯ ಮೇಲೊಂದು ದುಂಡು ಕನ್ನಡಿ. ಸ್ಟೆತಾಸ್ಕೋಪಿನ ಕೆಲಸ ಎಲ್ಲರಿಗೂ ಗೊತ್ತು. ಆದರೆ ಆ ಕನ್ನಡಿ ಯಾತಕ್ಕೆ, ಅದರ ನಟ್ಟನಡುವೆ ಒಂದು ತೂತು ಏಕೆ ಎಂದು ಯೋಚಿಸಿದವರು ಕಡಿಮೆ. ಡಾಕ್ಟರು ತಮ್ಮ ಮುಖ ನೋಡಿಕೊಳ್ಳಲಂತೂ ಅದನ್ನು ಕಟ್ಟಿಕೊಂಡಿರಲಿಲ್ಲ!

ಈಗ ಆ ಕನ್ನಡಿ ಬಹುಮಟ್ಟಿಗೆ ಮರೆಗೆ ಸರಿದಿದೆ. ಅದರ ಜಾಗಕ್ಕೆ ಬರುತ್ತಿರುವುದು ದಪ್ಪ ಪೆನ್ನಿನಂಥ ಒಂದು ಸಾಧನ. ತುದಿಯಲ್ಲಿ ಕೆಲವೇ ಮಿಲಿಮೀಟರ್ ಅಗಲದ ಕ್ಯಾಮೆರಾ, ಅದರ ಸುತ್ತ ಪುಟ್ಟ ಎಲ್‌ಇಡಿ ದೀಪಗಳು, ಹಿಡಿಯೊಳಗೆ ಬ್ಯಾಟರಿ. ಕಿವಿಯೊಳಗಿನ ದೃಶ್ಯ ಯಾವ ತಂತಿಯ ನೆರವೂ ಇಲ್ಲದೆ ಪಕ್ಕದ ಮೇಜಿನ ಮೇಲಿರುವ ಮೊಬೈಲಿನಲ್ಲೋ ಟ್ಯಾಬ್ಲೆಟ್ಟಿನಲ್ಲೋ ಮೂಡುತ್ತದೆ. ಇದೇ ವೈರ್‌ಲೆಸ್ ವಿಡಿಯೊ ಓಟೋಸ್ಕೋಪ್. ಕನ್ನಡದಲ್ಲಿ ಬೇಕಾದರೆ ‘ಕರ್ಣದರ್ಶಕ’ ಎನ್ನಬಹುದು. ಮನುಷ್ಯರ ಆಸ್ಪತ್ರೆಗೂ ಪಶುವೈದ್ಯರ ಮೇಜಿಗೂ ಅದು ಬಂದು ಮುಟ್ಟಿದೆ. ಆದರೆ ಇಲ್ಲಿಗೆ ಬರಲು ಹಿಡಿದ ಕಾಲ ಸಣ್ಣದಲ್ಲ. ಮುಖದ ಪಕ್ಕದಲ್ಲೇ ಇರುವ, ಬೆರಳಿಗೆ ಸಿಗುವ ಒಂದು ಅಂಗದೊಳಗೆ ಸರಿಯಾಗಿ ನೋಡುವುದಕ್ಕೆ ವೈದ್ಯರಿಗೆ ಶತಮಾನಗಳೇ ಬೇಕಾದವು.

ತೊಂದರೆ ಇರುವುದು ದಾರಿಯಲ್ಲಿ. ಹೊರಗಿವಿಯಿಂದ ಕಿವಿತಮಟೆಯವರೆಗಿನ ನಾಳ ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಆದರೆ ಅದು ನೇರವಾಗಿಲ್ಲ, ಸಣ್ಣದಾಗಿ ಬಳುಕಿಕೊಂಡು ಹೋಗುತ್ತದೆ. ಹಾಗಾಗಿ ದೊಡ್ಡವರ ಕಿವಿಯನ್ನು ಮೇಲಕ್ಕೆ ಮತ್ತು ಹಿಂದಕ್ಕೆ, ಎಳೆಯ ಮಕ್ಕಳ ಕಿವಿಯನ್ನು ಕೆಳಕ್ಕೆ ಎಳೆದು ನಾಳವನ್ನು ನೇರ ಮಾಡಿಕೊಳ್ಳಬೇಕು. (ಶಾಲೆಯಲ್ಲಿ ಮೇಷ್ಟ್ರು ಕಿವಿ ಹಿಂಡುತ್ತಿದ್ದುದಕ್ಕೂ ಇದಕ್ಕೂ ಸಂಬಂಧವಿಲ್ಲ.) ಮೂಳೆಗೆ ಅಂಟಿದಂತಿರುವ ಒಳಭಾಗದ ಚರ್ಮ ಬಹಳ ತೆಳು, ಮುಟ್ಟಿದರೆ ನೋವು. ಕೊನೆಯಲ್ಲಿ ಸಿಗುವ ತಮಟೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಮಾತ್ರ. ಅಲ್ಲಿ ಬೆಳಕಿಲ್ಲ. ನೋಡಲೆಂದು ವೈದ್ಯ ಬಗ್ಗಿದರೆ ಅವನ ತಲೆಯೇ ಬೆಳಕಿಗೆ ಅಡ್ಡ! ಕಿವಿವೈದ್ಯದ ಅರ್ಧ ಚರಿತ್ರೆ ಈ ಒಂದು ಅಡ್ಡಿಯನ್ನು ನಿವಾರಿಸಿದ ಕಥೆ.

ನಮ್ಮ ಸುಶ್ರುತ ಸಂಹಿತೆ 28 ಬಗೆಯ ಕರ್ಣರೋಗಗಳನ್ನು ಹೆಸರಿಸುತ್ತದೆ. ಅದು ಹೇಳುವ 101 ಯಂತ್ರಗಳಲ್ಲಿ ‘ನಾಡೀಯಂತ್ರ’ ಎಂಬ ಕೊಳವೆಗಳ ಒಂದು ವರ್ಗವೇ ಇದೆ. ದೇಹದ ರಂಧ್ರಗಳಲ್ಲಿ ಸಿಕ್ಕಿಕೊಂಡದ್ದನ್ನು ತೆಗೆಯುವುದರ ಜೊತೆಗೆ ರೋಗವನ್ನು ಕಣ್ಣಾರೆ ನೋಡುವುದೂ ಅವುಗಳ ಉಪಯೋಗಗಳಲ್ಲೊಂದು. ಯುರೋಪಿನಲ್ಲಿ ಫ್ರಾನ್ಸಿನ ಗೀ ದ ಶೋಲಿಯಾಕ್ 1363ರಲ್ಲಿ ಮುಗಿಸಿದ ತನ್ನ ಶಸ್ತ್ರವೈದ್ಯ ಗ್ರಂಥದಲ್ಲಿ, ರೋಗಿಯ ಕಿವಿಯನ್ನು ಬಿಸಿಲಿಗೆ ಹಿಡಿದು, ಎಳೆದು, ಸಾಧನದಿಂದ ಅಗಲಿಸಿ ನೋಡಬೇಕೆಂದು ಬರೆದ. ಅಂದರೆ ಮೋಡ ಮುಸುಕಿದ ದಿನ ಕಿವಿನೋವು ಬಂದವರ ಪಾಡು ದೇವರಿಗೇ ಪ್ರೀತಿ.

ಕಾಣದ ಜಾಗಕ್ಕೆ ಕೈ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ವಿಲ್‌ಹೆಲ್ಮ್ ಫಾಬ್ರಿ (1560–1634) ಬರೆದಿಟ್ಟ ಪ್ರಕರಣ ಪ್ರಸಿದ್ಧ. ಒಬ್ಬ ಬಾಲಕಿಯ ಕಿವಿಗೆ ಗಾಜಿನ ಮಣಿ ಹೋಗಿತ್ತು. ನಾಲ್ವರು ಶಸ್ತ್ರವೈದ್ಯರು ಪ್ರಯತ್ನಿಸಿ ಸೋತರು. ಮಣಿ ಇನ್ನಷ್ಟು ಒಳಗೆ ಸರಿಯಿತು. ವರ್ಷಗಳು ಕಳೆದಂತೆ ಹುಡುಗಿಗೆ ತಲೆನೋವು, ಮೈಯ ಒಂದು ಪಕ್ಕ ಜೋಮು, ಸೆಳವು. ಇದೆಲ್ಲದರ ಮೂಲ ಕಿವಿಯಲ್ಲಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಫಾಬ್ರಿ ಆ ಮಣಿಯನ್ನು ಹೊರತೆಗೆದ ಮೇಲೆ ಅವಳು ಚೇತರಿಸಿಕೊಂಡಳು.

ಕನ್ನಡಿಯ ತೂತಿನ ಗುಟ್ಟು

1741ರಲ್ಲಿ ಇಂಗ್ಲೆಂಡಿನ ಸೇನಾ ವೈದ್ಯ ಆರ್ಚಿಬಾಲ್ಡ್ ಕ್ಲೆಲೆಂಡ್ ಸೂರ್ಯನನ್ನು ಕಾಯುವುದು ಬೇಡವೆಂದು ಮೇಣದಬತ್ತಿಯ ಬೆಳಕನ್ನು ಪೀನ ಮಸೂರದಿಂದ ಕಿವಿಯೊಳಕ್ಕೆ ಹಾಯಿಸಿದ. ಜಾಣ ಉಪಾಯವೇ. ಆದರೆ ಬತ್ತಿಯ ಬೆಳಕು ಬಹಳ ಮಂದ. ಮುಂದಿನ ನೂರು ವರ್ಷ ದೊಡ್ಡ ಬದಲಾವಣೆ ಆಗಲಿಲ್ಲ.

ನಿಜವಾದ ತಿರುವು 1841ರದು. ಜರ್ಮನಿಯ ಸಣ್ಣ ಊರೊಂದರ ವೈದ್ಯ ಹಾಫ್‌ಮನ್ ನಡುವೆ ತೂತಿರುವ ಕನ್ನಡಿಯಿಂದ ಹಗಲಿನ ಬೆಳಕನ್ನು ಕಿವಿಗೆ ಪ್ರತಿಫಲಿಸಿ, ಅದೇ ತೂತಿನ ಮೂಲಕ ನೋಡಿದ. ಈಗ ತಲೆ ಬೆಳಕಿಗೆ ಅಡ್ಡ ಬರುವ ಪ್ರಶ್ನೆಯೇ ಇಲ್ಲ. ಬೆಳಕು ಹೋಗುವ ದಾರಿ ಮತ್ತು ಕಣ್ಣು ನೋಡುವ ದಾರಿ ಎರಡೂ ಒಂದೇ! ಇಷ್ಟು ಸರಳವಾದ ಉಪಾಯವನ್ನು ಅಂದು ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ. 1855ರಲ್ಲಿ ಆಂಟನ್ ಫಾನ್ ಟ್ರೋಲ್ಚ್ ಎಂಬ ಇನ್ನೊಬ್ಬ ಜರ್ಮನ್ ವೈದ್ಯ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡು, ಪ್ಯಾರಿಸ್ಸಿನಲ್ಲಿದ್ದ ಜರ್ಮನ್ ವೈದ್ಯರ ಸಭೆಯ ಮುಂದೆ ಪ್ರದರ್ಶಿಸಿದ. ಆಮೇಲೆ ಕನ್ನಡಿ ಕೈಯಿಂದ ಹಣೆಗೆ ಏರಿತು. ವೈದ್ಯನ ಎರಡೂ ಕೈ ಖಾಲಿಯಾಯಿತು, ವ್ಯಂಗ್ಯಚಿತ್ರಕಾರರಿಗೆ ಒಂದು ಗುರುತು ಸಿಕ್ಕಿತು. 1865ರಲ್ಲಿ ಜಾನ್ ಬ್ರಂಟನ್ ಲಾಳಿಕೆ, ಕನ್ನಡಿ, ಭೂತಗನ್ನಡಿ ಮೂರನ್ನೂ ಒಂದೇ ಕೊಳವೆಗೆ ಜೋಡಿಸಿದ. ಇಂದಿನ ಓಟೋಸ್ಕೋಪಿನ ಮುತ್ತಜ್ಜ ಅದೇ.

ಈ ಕಾಲದ ಕಿವಿವೈದ್ಯರಲ್ಲಿ ಅತಿ ಹೆಸರಾದವರೊಬ್ಬರು ಡಬ್ಲಿನ್ ನಗರದ ವಿಲಿಯಂ ವೈಲ್ಡ್. 1844ರಲ್ಲಿ ಕಣ್ಣು–ಕಿವಿಯ ಆಸ್ಪತ್ರೆ ತೆರೆದವರು. ಅವರು 1853ರಲ್ಲಿ ಪ್ರಕಟಿಸಿದ ಕಿವಿಯ ಶಸ್ತ್ರವೈದ್ಯದ ಪುಸ್ತಕ ಬಹುಕಾಲ ಪ್ರಮಾಣವಾಗಿತ್ತು. ಕಿವಿಯ ಹಿಂದೆ ಕೀವು ಕಟ್ಟಿದಾಗ ಕೊಯ್ಯುವ ಕ್ರಮಕ್ಕೆ ಇಂದಿಗೂ ಅವರದೇ ಹೆಸರು. ಸೋರುವ ಕಿವಿಯನ್ನು ಎಂದೂ ಹಗುರವಾಗಿ ಕಾಣಬಾರದು, ಅದು ಎಲ್ಲಿಗೆ ಮುಟ್ಟುತ್ತದೆಂದು ಹೇಳಲು ಬಾರದು ಎಂಬುದು ಅವರ ಎಚ್ಚರಿಕೆಯಾಗಿತ್ತು.

ಅವರು 1876ರಲ್ಲಿ ತೀರಿಕೊಂಡರು. ಅವರ ಎರಡನೆಯ ಮಗ ನಾಟಕಕಾರ ಆಸ್ಕರ್ ವೈಲ್ಡ್. 1895ರಲ್ಲಿ ಆಸ್ಕರ್‌ಗೆ ಎರಡು ವರ್ಷಗಳ ಕಠಿಣ ಸಜೆಯಾಯಿತು. ಸೆರೆಮನೆಯಿಂದ 1896ರಲ್ಲಿ ಗೃಹಸಚಿವರಿಗೆ ಬರೆದ ಅರ್ಜಿಯಲ್ಲಿ ಅವರು, ತಮ್ಮ ಬಲಗಿವಿಯಲ್ಲಿ ಕೀವಾಗಿ ತಮಟೆ ತೂತಾಗಿದೆ, ಕೇಳಿಸುವುದು ಬಹುತೇಕ ನಿಂತಿದೆ, ಜೈಲಿನ ವೈದ್ಯರು ಕೈಚೆಲ್ಲಿದ್ದಾರೆ ಎಂದು ತೋಡಿಕೊಂಡಿದ್ದರು. 1900ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಒಂದು ಹೋಟೆಲಿನ ಕೋಣೆಯಲ್ಲೇ ಅವರ ಕಿವಿಗೆ ಶಸ್ತ್ರಚಿಕಿತ್ಸೆ ನಡೆಯಿತು. ನವೆಂಬರ್ 30ರಂದು ಪ್ರಾಣ ಹೋಯಿತು. ವಯಸ್ಸು 46. ಕಾರಣ ಮಿದುಳಿನ ಪೊರೆಯ ಉರಿಯೂತ. ಮೂಲ ಕಿವಿಯ ಸೋಂಕೇ ಎಂದು ಹಲವು ವೈದ್ಯರು ಇತ್ತೀಚಿನ ವರ್ಷಗಳಲ್ಲಿ ವಾದಿಸಿದ್ದಾರೆ, ಒಪ್ಪದವರೂ ಇದ್ದಾರೆ. ಸೆರೆಮನೆಯ ಅರ್ಜಿಯನ್ನು ಓದಿದರೆ ಕಿವಿಯತ್ತ ಬೊಟ್ಟು ಮಾಡಿದವರ ಮಾತೇ ಸರಿ ಎನ್ನಿಸುತ್ತದೆ. ಆ ರೋಗವನ್ನು ದೇಶದಲ್ಲೇ ಚೆನ್ನಾಗಿ ಬಲ್ಲವರಲ್ಲಿ ಒಬ್ಬರ ಮಗನಿಗೆ ಅದೇ ರೋಗ!

ಪೆನಿಸಿಲಿನ್ ಬರುವ ಮುಂಚೆ ಇಂಥ ಸಾವು ಅಪರೂಪವಾಗಿರಲಿಲ್ಲ. ನಡುಗಿವಿಯ ಮೇಲ್ಛಾವಣಿಯೆಂದರೆ ತೆಳುವಾದ ಒಂದು ಮೂಳೆ. ಅದರಾಚೆ ಮಿದುಳಿನ ಪೊರೆ. ಕೀವಿಗೆ ದಾರಿ ಹತ್ತಿರದ್ದು.

ತಂತಿ ಕಳಚಿದ ಮೇಲೆ

ಇಪ್ಪತ್ತನೆಯ ಶತಮಾನದ ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. ಬ್ಯಾಟರಿ, ಪುಟ್ಟ ಬಲ್ಬು ಬಂದು ಓಟೋಸ್ಕೋಪ್ ವೈದ್ಯರ ಜೇಬು ಸೇರಿತು. 1954ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. ಬೆಳಕನ್ನು ಬೇಕಾದಲ್ಲಿಗೆ ಬಗ್ಗಿಸಿ ಒಯ್ಯಬಹುದೆಂಬುದು ಖಚಿತವಾಯಿತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬೋಯ್ಲ್ ಮತ್ತು ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಬಿಲ್ಲೆ ಬೆಳಕನ್ನು ವಿದ್ಯುತ್ ಸಂಕೇತವಾಗಿಸಿತು. 2009ರಲ್ಲಿ ಅವರಿಗೆ ನೊಬೆಲ್ ಬಂತು. 1990ರ ದಶಕದಲ್ಲಿ ಅಗ್ಗದ ಸಿಮಾಸ್ ಬಿಲ್ಲೆಗಳು ಬಂದವು. ಮೊಬೈಲಿನೊಳಗೆ ಕ್ಯಾಮೆರಾ ಕೂತದ್ದು ಇವುಗಳಿಂದಲೇ, ಅದೇ ಸಂತತಿಯ ಕ್ಯಾಮೆರಾ ಈಗ ಕಿವಿಗೂ ಇಳಿದಿದೆ.

ಇದರ ಒಂದು ಗುಣ ಹಳ್ಳಿಗಾಡಿನವರು ಗಮನಿಸಬೇಕಾದದ್ದು. ಇಂಥ ಬಹುಪಾಲು ಸಾಧನಗಳು ತಮ್ಮದೇ ಸಣ್ಣ ವೈ–ಫೈ ವಲಯವನ್ನು ಸೃಷ್ಟಿಸಿಕೊಳ್ಳುತ್ತವೆ, ಮೊಬೈಲು ನೇರವಾಗಿ ಅದಕ್ಕೇ ಸೇರಿಕೊಳ್ಳುತ್ತದೆ. ಇಂಟರ್‌ನೆಟ್ ಬೇಕಿಲ್ಲ. ಟವರಿಲ್ಲದ ಊರಿನ ಆರೋಗ್ಯ ಶಿಬಿರದಲ್ಲೂ ಚಿತ್ರ ಮೂಡುತ್ತದೆ. ಅದನ್ನು ಉಳಿಸಿಕೊಂಡು ಆಮೇಲೆ ಪೇಟೆಯ ತಜ್ಞರಿಗೆ ಕಳಿಸಬಹುದು.

ಬಳಸುವ ಕ್ರಮ ಮಾತ್ರ ಹಳೆಯದೇ. ಕಿವಿಯನ್ನು ಎಳೆದು ನಾಳ ನೇರ ಮಾಡಬೇಕು. ಒಬ್ಬೊಬ್ಬ ರೋಗಿಗೂ ತುದಿಯ ಟೋಪಿಯನ್ನು ಬದಲಿಸಬೇಕು. ಸಾಧನ ಹಿಡಿದ ಕೈಯ ಒಂದು ಬೆರಳನ್ನು ರೋಗಿಯ ಕೆನ್ನೆಗೆ ಊರಿರಬೇಕು. ಮಗು ತಟ್ಟನೆ ತಲೆ ಅಲ್ಲಾಡಿಸಿದರೆ ಕೈಯೂ ತಲೆಯ ಜೊತೆಗೇ ಸರಿಯಲಿ ಎಂದು. ವಿಡಿಯೊದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ವೈದ್ಯರ ಕಣ್ಣು ಪರದೆಯ ಮೇಲಿರುತ್ತದೆ, ಕೈಯ ಮೇಲಲ್ಲ. ಚಿತ್ರ ಕ್ಷಣಮಾತ್ರ ತಡವಾಗಿ ಬರುವುದೂ ಉಂಟು.

ಆರೋಗ್ಯವಂತ ತಮಟೆ ಮುತ್ತಿನಂಥ ಬೂದುಬಣ್ಣ, ಅರೆಪಾರದರ್ಶಕ. ಅದರ ಮೇಲೆ ಬೆಳಕಿನ ಒಂದು ತ್ರಿಕೋನ ಹೊಳೆಯುತ್ತದೆ: ಗಡಿಯಾರದ ಮುಖಕ್ಕೆ ಹೋಲಿಸಿದರೆ ಬಲಗಿವಿಯಲ್ಲಿ ಐದು ಗಂಟೆಯ ಕಡೆ, ಎಡಗಿವಿಯಲ್ಲಿ ಏಳರ ಕಡೆ. ಕೆಂಪಗೆ ಉಬ್ಬಿದ್ದರೆ ಒಳಗೆ ಸೋಂಕು. ಇದನ್ನೆಲ್ಲ ಇಷ್ಟು ಕಾಲ ನೋಡುತ್ತಿದ್ದವರು ವೈದ್ಯರೊಬ್ಬರೇ. ನಾವು ಅವರ ಮಾತನ್ನು ನಂಬಬೇಕಿತ್ತು. ಈಗ ಮಗುವಿನ ತಾಯಿಯೂ ಪರದೆಯ ಮೇಲೆ ತಮಟೆಯ ತೂತನ್ನು ನೋಡಬಹುದು. ಸಾಧನದ ನಿಜವಾದ ಲಾಭ ಇಲ್ಲಿದೆ ಎಂದು ನನಗನ್ನಿಸುತ್ತದೆ. ನಮ್ಮಲ್ಲಿ ಮಕ್ಕಳ ಕಿವಿ ಸೋರುವುದನ್ನು ‘ದೊಡ್ಡವನಾದರೆ ಸರಿಹೋಗುತ್ತದೆ’ ಎಂದು ಬಿಟ್ಟುಬಿಡುವವರಿದ್ದಾರೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವವರಿದ್ದಾರೆ. ತೂತಾದ ತಮಟೆಯ ಮೂಲಕ ಆ ಎಣ್ಣೆ ಎಲ್ಲಿಗೆ ಇಳಿಯುತ್ತದೆಂದು ಬಾಯಲ್ಲಿ ಹೇಳುವುದಕ್ಕೂ ಚಿತ್ರ ತೋರಿಸುವುದಕ್ಕೂ ಬಹಳ ಅಂತರ. ತೂತಾದ ತಮಟೆಗೆ ತೇಪೆ ಹಾಕುವ ಶಸ್ತ್ರಕ್ರಿಯೆ 1950ರ ದಶಕದಿಂದ ಬಳಕೆಯಲ್ಲಿದೆ. ಬೇಕಾದದ್ದು ಸಕಾಲಕ್ಕೆ ನೋಡುವ ಕಣ್ಣು ಅಷ್ಟೇ.

ಭಾರತದಲ್ಲಿ ಸುಮಾರು 6 ಕೋಟಿ 30 ಲಕ್ಷ ಜನರಿಗೆ ಗಣನೀಯ ಶ್ರವಣದೋಷವಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2007ರಲ್ಲಿ ಆರಂಭಿಸಿತು. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೇ ಈ ಕೆಲಸದಲ್ಲಿದೆ.

ಹಾಗೆಂದು ಕ್ಯಾಮೆರಾ ಎಲ್ಲವನ್ನೂ ಕಾಣುವುದಿಲ್ಲ. ಗುಗ್ಗೆ ತುಂಬಿದ್ದರೆ ಪರದೆಯ ಮೇಲೆ ಕಾಣುವುದು ಗುಗ್ಗೆಯೇ. ಎರಡು ಕಣ್ಣಿನಿಂದ ಸಿಗುವ ಆಳದ ಅರಿವು ಚಿತ್ರದಲ್ಲಿ ಸಿಗದು. 1864ರಲ್ಲಿ ಸೀಗ್ಲೆ ಎಂಬ ಜರ್ಮನ್ ವೈದ್ಯ ರಬ್ಬರ್ ಬುರುಡೆಯಿಂದ ಕಿವಿಗೆ ಮೆಲ್ಲನೆ ಗಾಳಿ ಒತ್ತಿ, ತಮಟೆ ಅಲುಗುತ್ತದೆಯೇ ಎಂದು ನೋಡುವ ವಿಧಾನ ತಂದಿದ್ದ. ಹಿಂದೆ ನೀರು ನಿಂತಿದ್ದರೆ ಅದು ಸರಿಯಾಗಿ ಅಲುಗದು. ಅಗ್ಗದ ಎಷ್ಟೋ ಕ್ಯಾಮೆರಾಗಳಲ್ಲಿ ಈ ಸೌಕರ್ಯವೇ ಇಲ್ಲ. ಇನ್ನು ಗುಗ್ಗೆಕಡ್ಡಿ ಜೋಡಿಸಿ ಮನೆಬಳಕೆಗೆಂದು ಮಾರುವ ಕ್ಯಾಮೆರಾಗಳದ್ದು ಬೇರೆಯೇ ಕಥೆ. ತನ್ನ ಕಿವಿಯನ್ನು ತಾನೇ ಪರದೆ ನೋಡುತ್ತ ಕೆರೆಯುವವನಿಗೂ ಫಾಬ್ರಿಯ ಕಾಲದ ಆ ನಾಲ್ವರಿಗೂ ಹೆಚ್ಚು ವ್ಯತ್ಯಾಸ ನನಗೆ ಕಾಣುವುದಿಲ್ಲ.

ಪಶುವೈದ್ಯರಿಗೆ ಈ ಸಾಧನ ಇನ್ನೂ ಹೆಚ್ಚು ಬೇಕಾದದ್ದು. ನಾಯಿಯ ಕಿವಿಯ ನಾಳ ಮೊದಲು ನೇರ ಕೆಳಕ್ಕಿಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ, ಇಂಗ್ಲಿಷಿನ ಎಲ್ ಅಕ್ಷರದಂತೆ. ಕಾಕರ್ ಸ್ಪ್ಯಾನಿಯಲ್‌ನಂಥ ಜೋಲುಗಿವಿಯ ತಳಿಗಳಲ್ಲಿ ಒಳಗೆ ಸದಾ ತೇವ, ಗಾಳಿಯಾಡದು, ಬೂಷ್ಟಿನ ಸೋಂಕು ಪದೇ ಪದೇ ಬರುತ್ತದೆ. ಬೆಕ್ಕು, ನಾಯಿಮರಿಗಳಲ್ಲಿ ಕಿವಿಯ ನುಸಿ ಸಾಮಾನ್ಯ. ಪರದೆಯ ಮೇಲೆ ಅವು ಹರಿದಾಡುವ ಬಿಳಿ ಚುಕ್ಕೆಗಳು. ಒಂದೇ ಸಮನೆ ತಲೆ ಒದರುವ ನಾಯಿಯ ಕಿವಿಯಲ್ಲಿ ಕೆಲವೊಮ್ಮೆ ಸಿಗುವುದು ಹುಲ್ಲಿನ ಒಂದು ಮುಳ್ಳುತೆನೆ. ಕೊಳವೆಯಲ್ಲೇ ಚಿಮುಟ ಇಳಿಸಲು ದಾರಿಯಿರುವ ದೊಡ್ಡ ವಿಡಿಯೊ ಓಟೋಸ್ಕೋಪುಗಳಲ್ಲಿ ಅದನ್ನು ನೋಡುತ್ತಲೇ ಹಿಡಿದೆಳೆಯಬಹುದು. ಔಷಧದ ಹನಿ ಬಿಡುವ ಮುಂಚೆ ತಮಟೆ ಹರಿದಿಲ್ಲವೆಂದು ಖಚಿತ ಮಾಡಿಕೊಳ್ಳುವುದೂ ಅಗತ್ಯ. ಜೆಂಟಾಮೈಸಿನ್‌ನಂಥ ಕೆಲವು ಮದ್ದು ಒಳಗಿವಿಗೆ ಇಳಿದರೆ ಪ್ರಾಣಿ ಕಿವುಡಾಗಬಹುದು, ಅದನ್ನು ಅದು ಯಾರಿಗೂ ಹೇಳಲಾರದು. ನೋವಿನಿಂದ ಕಚ್ಚಲು ಬರುವ ನಾಯಿಗೆ ಮಾತ್ರ ಮತ್ತಿನ ಇಂಜೆಕ್ಷನ್ ಕೊಟ್ಟೇ ನೋಡಬೇಕು, ತಂತಿ ಇರಲಿ ಇಲ್ಲದಿರಲಿ. ಚಿಕಿತ್ಸೆ ಮುಗಿದು ಕೆಲವು ವಾರಗಳಾದ ಮೇಲೆ ಮತ್ತೆ ಕರೆತರಲು ಹೇಳುತ್ತಾರೆ. ಆಗ ಅದೇ ಕಿವಿಯ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ.