ಹೋಸ್ಟಾ ಬೀಜ ಮತ್ತು ತಾಯಿಗಿಡದ ವಿಳಾಸ

ಹೋಸ್ಟಾವನ್ನು ಹೂವಿಗಾಗಿ ಬೆಳೆಸುವವರು ಕಡಿಮೆ. ಅದರ ಬೆಲೆಯೆಲ್ಲ ಎಲೆಯಲ್ಲಿ. ಚೀನಾ, ಜಪಾನ್, ಕೊರಿಯಾಗಳ ಕಾಡಂಚಿನಿಂದ ಹೊರಟ ಈ ಗಿಡ ಇವತ್ತು ಅಮೆರಿಕ ಮತ್ತು ಯುರೋಪಿನ ಮನೆಯಂಗಳಗಳಲ್ಲಿ ಬಿಸಿಲು ಬೀಳದ ಮೂಲೆಗಳನ್ನೆಲ್ಲ ಹಿಡಿದು ಕೂತಿದೆ. ನೀಲಿ ಛಾಯೆಯ ಎಲೆ, ಹಳದಿ ಅಂಚಿನ ಎಲೆ, ಬಿಳಿ ಗೆರೆಯ ಎಲೆ, ಅಂಗೈಯಲ್ಲಿ ಅಡಗುವ ಪುಟ್ಟ ಗಿಡ, ಮಾರಗಲ ಹರಡುವ ದೊಡ್ಡ ಗಿಡ, ಹೀಗೆ ಹೆಸರಿಟ್ಟ ತಳಿಗಳೇ ಸಾವಿರಗಟ್ಟಲೆ ಇವೆ. ಗಿಡ ಕೊಳ್ಳುವುದು ಸುಲಭ, ದುಡ್ಡಿದ್ದರಾಯಿತು. ಬೀಜ ಕೊಳ್ಳಲು ಹೊರಟಾಗ ತಕರಾರು ಶುರು. ಪೊಟ್ಟಣದ ಮೇಲೆ ಯಾವುದೋ ಹೆಸರಾಂತ ತಳಿಯ ಚಿತ್ರ, ಮಡಿಯಲ್ಲಿ ಮೇಲೇಳುವುದು ಸಾದಾ ಹಸಿರು ಸಸಿ. ಇದನ್ನು ಮಾರುವವರ ಮೋಸವೆಂದು ಬೈದು ಸುಮ್ಮನಾಗಬಹುದು, ಮೋಸವೂ ಇದ್ದೀತು. ಆದರೆ ಈ ಗಿಡ ಪಶ್ಚಿಮಕ್ಕೆ ಬಂದ ಇನ್ನೂರು ವರ್ಷಗಳ ಕಥೆಯನ್ನು ನೋಡಿದರೆ ಬೇರೆ ಸಂಗತಿ ಕಾಣುತ್ತದೆ. ಹೋಸ್ಟಾದ ಒಳ್ಳೆಯ ಬೀಜ ಅಂಗಡಿಯ ಸರಕಾಗಿದ್ದ ಕಾಲ ಇಲ್ಲವೆಂದೇ ಹೇಳಬೇಕು. ಯಾವ ಗಿಡದ ಕಾಯಿ ಎಂದು ಬಲ್ಲವರ ಕೈಯಿಂದ ಕೈಗೆ ಬಂದಾಗಲೇ ಅದು ಒಳ್ಳೆಯದಾಗಿತ್ತು.

ಪಶ್ಚಿಮದವರು ಹೋಸ್ಟಾವನ್ನು ಮೊದಲು ಕಂಡದ್ದು ಕಾಗದದ ಮೇಲೆ. ನಾಗಸಾಕಿಯ ಡೆಜಿಮಾದಲ್ಲಿದ್ದ ಡಚ್ಚರ ಕೋಠಿಗೆ ವೈದ್ಯನಾಗಿ ಹೋಗಿದ್ದ ಎಂಗೆಲ್ಬರ್ಟ್ ಕೆಂಪ್ಫರ್ ತನ್ನ 1712ರ ಗ್ರಂಥದಲ್ಲಿ ಇದನ್ನು ವರ್ಣಿಸಿದ. ಅದೇ ಕೋಠಿಗೆ 1775ರಲ್ಲಿ ಹೋದ ಸ್ವೀಡನ್ನಿನ ಥುನ್‌ಬರ್ಗ್ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಜೀವಂತ ಗಿಡ ಬೆಳೆದದ್ದು ಮಾತ್ರ ಜಪಾನಿನಿಂದ ಬಂದ ಗಿಡದಿಂದಲ್ಲ, ಚೀನಾದಿಂದ ಬಂದ ಬೀಜದಿಂದ. 1784ರಿಂದ 1789ರ ನಡುವೆ ಫ್ರೆಂಚ್ ಅಧಿಕಾರಿ ಷಾರ್ಲ್ ದ ಗೀನ್ಯ ಅಲ್ಲಿಂದ ಪ್ಯಾರಿಸ್ಸಿನ ಸಸ್ಯೋದ್ಯಾನಕ್ಕೆ ಕಳಿಸಿದ ಬೀಜದಿಂದ ಪ್ಲಾಂಟಜಿನಿಯಾ ಹುಟ್ಟಿತು. ಸಂಜೆಯ ಹೊತ್ತಿಗೆ ಅರಳುವ, ಘಮ್ಮೆನ್ನುವ ದೊಡ್ಡ ಬಿಳಿ ಹೂವಿನ ಜಾತಿ ಅದು. 1790ರಲ್ಲಿ ನೇರಳೆ ಹೂವಿನ ವೆಂಟ್ರಿಕೋಸಾ ಲಂಡನ್ನಿಗೆ ಬಂತು. ಈ ಎರಡನೆಯ ಜಾತಿಯ ಗುಣ ವಿಚಿತ್ರ. ಪರಾಗ ಬಿದ್ದರೆ ಕಾಯಿ ಕಟ್ಟುತ್ತದೆ, ಆದರೆ ಒಳಗಿನ ಭ್ರೂಣ ಪರಾಗದ ಪಾಲನ್ನು ಪಡೆಯದೆ ತಾಯಿಯ ಅಂಗಾಂಶದಿಂದಲೇ ರೂಪುಗೊಳ್ಳುತ್ತದೆ. ಹಾಗಾಗಿ ಅದರ ಬೀಜ ಬಿತ್ತಿದರೆ ಅದೇ ಗಿಡ ಬರುತ್ತದೆ. ಯುರೋಪಿನ ತೋಟಗಾರರ ಹೋಸ್ಟಾ ಬೀಜದ ಅನುಭವ ಇಂಥ ಶುದ್ಧ ಜಾತಿಗಳಿಂದ ಶುರುವಾದದ್ದು ಅವರ ಅದೃಷ್ಟ.

ಆ ಅದೃಷ್ಟ ಹೆಚ್ಚು ಕಾಲ ಉಳಿಯಲಿಲ್ಲ. 1829ರಲ್ಲಿ ಜಪಾನಿನಿಂದ ಹೊರದೂಡಿಸಿಕೊಂಡ ಜರ್ಮನ್ ವೈದ್ಯ ಫಿಲಿಪ್ ಫ್ರಾಂಜ್ ಫಾನ್ ಸೀಬೋಲ್ಡ್ ಹಡಗಿನಲ್ಲಿ ಜೀವಂತ ಗಿಡಗಳನ್ನೇ ತಂದ, ಆಮೇಲೆ ಲೈಡನ್ನಿನಲ್ಲಿ ನರ್ಸರಿ ತೆರೆದ. 1860ರ ದಶಕದಲ್ಲಿ ಜಾರ್ಜ್ ಹಾಲ್ ಮತ್ತು ಥಾಮಸ್ ಹಾಗ್ ಎಂಬವರು ಜಪಾನಿನಿಂದ ನೇರವಾಗಿ ಅಮೆರಿಕಕ್ಕೆ ಗಿಡ ಸಾಗಿಸಿದರು. ಇವರಿಗೆ ಸಿಕ್ಕಿದ್ದರಲ್ಲಿ ಕಾಡಿನ ಗಿಡಗಳಷ್ಟೇ ಅಲ್ಲ, ಜಪಾನೀಯರು ತಲೆಮಾರುಗಳಿಂದ ತೋಟದಲ್ಲಿ ಸಾಕಿದ, ಆಗಲೇ ಬೆರಕೆಯಾದ ಗಿಡಗಳೂ ಇದ್ದವು. ಯುರೋಪಿನ ಪಂಡಿತರು ಅವಕ್ಕೂ ಜಾತಿಯ ಪಟ್ಟ ಕಟ್ಟಿದರು. ಫಾರ್ಚುನಿಯೈ, ಅಂಡ್ಯುಲೇಟಾ, ಡೆಕೊರಾಟಾ, ಲ್ಯಾನ್ಸಿಫೋಲಿಯಾ ಎಲ್ಲ ಹಾಗೆ ಜಾತಿ ಎನಿಸಿಕೊಂಡವು. ಸ್ವೀಡನ್ನಿನ ತೋಟಗಳ ಹೋಸ್ಟಾಗಳ ಬಗ್ಗೆ ನಿಲ್ಸ್ ಹೈಲಾಂಡರ್ 1954ರಲ್ಲಿ ಬರೆದ ಅಧ್ಯಯನ ಈ ಗೋಜಲನ್ನು ಬಿಡಿಸಲು ಯತ್ನಿಸಿತು. ಕೊನೆಗೆ 1991ರಲ್ಲಿ ಜಾರ್ಜ್ ಷ್ಮಿಡ್ ತನ್ನ ದಪ್ಪ ಗ್ರಂಥದಲ್ಲಿ ಇವನ್ನೆಲ್ಲ ಜಾತಿಯ ಸ್ಥಾನದಿಂದಿಳಿಸಿ ತೋಟದ ತಳಿಗಳೆಂದು ಬರೆದ. ಹೆಸರು ಬದಲಾದರೆ ಪಂಡಿತರಿಗೆ ತಲೆನೋವು, ಬೀಜ ಬಿತ್ತುವವನಿಗೇನು ಎಂದು ಕೇಳಬಹುದು. ಅವನಿಗೇ ಹೆಚ್ಚಿನದು. ಕಾಡಿನ ಜಾತಿಯ ಬೀಜವೆಂದರೆ ಬರುವ ಸಸಿಯ ಬಗ್ಗೆ ಒಂದು ಅಂದಾಜಿಗಾದರೂ ಜಾಗವಿದೆ. ಬೆರಕೆ ತಳಿಯ ಬೀಜ ಎಲ್ಲಿಗೆ ಒಯ್ಯುತ್ತದೋ ಹೇಳಲಾಗದು. ಬಾದಾಮಿ ಮಾವಿನ ಗೊರಟೆ ಊರಿ ಬಾದಾಮಿ ಹಣ್ಣನ್ನೇ ನಿರೀಕ್ಷಿಸುವವನಿಗೆ ಆಗುವ ಗತಿಯೇ ಇಲ್ಲೂ.

ಬಣ್ಣದ ಅಂಚಿನ ತಳಿಗಳಲ್ಲಿ ಈ ಮಾತು ಇನ್ನೂ ಕಟುವಾಗುತ್ತದೆ. 1936ರಲ್ಲಿ ಫ್ರಾನ್ಸಿಸ್ ವಿಲಿಯಮ್ಸ್ ಎಂಬ ಉದ್ಯಾನ ವಿನ್ಯಾಸಕಿ ಕನೆಕ್ಟಿಕಟ್‌ನ ಬ್ರಿಸ್ಟಲ್ ನರ್ಸರಿಯಲ್ಲಿ ಸೀಬೋಲ್ಡಿಯಾನಾ ಜಾತಿಯ ಸಸಿಗಳ ಸಾಲಿನಲ್ಲಿ ಹಳದಿ ಅಂಚಿನ ಒಂದೇ ಒಂದು ಗಿಡವನ್ನು ಕಂಡರು. ಮುಂದೆ ಅವರ ಹೆಸರನ್ನೇ ಹೊತ್ತ ಆ ಗಿಡ ದಶಕಗಳ ಕಾಲ ಜನಪ್ರಿಯ ಹೋಸ್ಟಾಗಳಲ್ಲಿ ಒಂದಾಗಿತ್ತು. ಅದರ ಬೀಜದಿಂದ ಮಾತ್ರ ಹಳದಿ ಅಂಚು ಬರುವುದಿಲ್ಲ. ಎಲೆಯ ಅಂಚನ್ನು ಕಟ್ಟುವ ಜೀವಕೋಶದ ಪದರವೇ ಬೇರೆ, ಅಂಡಾಣು ಹುಟ್ಟುವ ಒಳಪದರವೇ ಬೇರೆ. ಒಳಪದರ ಹಸಿರಾದ್ದರಿಂದ ಸಸಿಗಳು ಬರಿಯ ಹಸಿರು ಅಥವಾ ನೀಲಿಛಾಯೆಯವಾಗುತ್ತವೆ. ಅಂಚಿಗೆ ಸೀಮಿತವಾಗದೆ ಎಲೆಯ ತುಂಬ ಅಡ್ಡಾದಿಡ್ಡಿ ಗೆರೆ ಹರಿದ ಗಿಡಗಳ ವಿಷಯ ಬೇರೆ. ಅವುಗಳ ಬೀಜದಿಂದ ಗೆರೆಯ ಸಸಿಗಳು ಒಂದಿಷ್ಟು ಬರುತ್ತವೆ, ಏಕೆಂದರೆ ಬಣ್ಣ ಹೊತ್ತ ಹರಿದ್ರೇಣುಗಳು ಮುಂದಿನ ಪೀಳಿಗೆಗೆ ದಾಟುವುದು ತಾಯಿಯ ಕಡೆಯಿಂದ ಮಾತ್ರ. ಆ ಗಿಡದ ಪರಾಗವನ್ನು ಹಸಿರು ಗಿಡಕ್ಕೆ ಹಚ್ಚಿದರೆ ಗೆರೆ ದಾಟುವುದಿಲ್ಲ. ತಾಯಿಯಂತೆ ಮಗಳು ಎಂಬ ಗಾದೆ ಹೋಸ್ಟಾದಲ್ಲಿ ಎಲೆಯ ಗೆರೆಯ ಮಟ್ಟಿಗೆ ಅಕ್ಷರಶಃ ನಿಜ, ಉಳಿದದ್ದಕ್ಕೆ ಖಾತರಿ ಇಲ್ಲ. ಆದ್ದರಿಂದ ಕಾಯಿ ಬಿಡಿಸಿದ್ದು ಯಾವ ಗಿಡದಿಂದ ಎಂದು ಹೇಳದ ಪೊಟ್ಟಣದಲ್ಲಿ ಬೀಜವಿದ್ದರೂ ಮಾಹಿತಿ ಇಲ್ಲ, ಬೆಲೆ ಇರುವುದು ಆ ಮಾಹಿತಿಗೆ.

ಆ ಮಾಹಿತಿಯನ್ನು ಜೋಪಾನ ಮಾಡಿದವರು ಬೀಜದ ವ್ಯಾಪಾರಿಗಳಲ್ಲ, ಗಿಡದ ಹುಚ್ಚು ಹತ್ತಿಸಿಕೊಂಡವರು. ಇಂಗ್ಲೆಂಡಿನ ಹಿಲಿಯರ್ ನರ್ಸರಿಯಲ್ಲಿ ನೌಕರಿಗಿದ್ದ ಎರಿಕ್ ಸ್ಮಿತ್ 1961ರಲ್ಲಿ ಒಂದು ಅಪರೂಪದ ಕೂಡಿಕೆ ಮಾಡಿದ. ಸೀಬೋಲ್ಡಿಯಾನಾ ಬೇಸಿಗೆಯ ಮೊದಲಲ್ಲಿ ಹೂ ಬಿಡುವಂಥದ್ದು, ಟಾರ್ಡಿಫ್ಲೋರಾ ಶರತ್ಕಾಲದ್ದು. ಆ ವರ್ಷ ಸೀಬೋಲ್ಡಿಯಾನಾ ಅಕಾಲದಲ್ಲಿ ಹೂ ತಳೆದದ್ದರಿಂದ ಎರಡೂ ಒಟ್ಟಿಗೆ ಸಿಕ್ಕವು. ಹುಟ್ಟಿದ ಸಸಿಗಳಿಗೆ ಸ್ಮಿತ್ ತಲೆಮಾರು ಮತ್ತು ಕ್ರಮಾಂಕ ಬರೆದಿಟ್ಟ. ಇಂದಿಗೂ ಮಾರಾಟದಲ್ಲಿರುವ ನೀಲಿ ಎಲೆಯ ‘ಹಾಲ್ಸಿಯನ್’ ಆ ಪಟ್ಟಿಯಲ್ಲಿ ಮೊದಲ ತಲೆಮಾರಿನ ಏಳನೆಯ ಸಸಿ. 1968ರಲ್ಲಿ ಅಮೆರಿಕನ್ ಹೋಸ್ಟಾ ಸೊಸೈಟಿ ಹುಟ್ಟಿದ ಮೇಲೆ ಇಂಥ ದಾಖಲೆ ಹವ್ಯಾಸಿಗಳ ನಡುವೆ ಶಿಸ್ತೇ ಆಯಿತು. ಅವರ ಕೆಲಸದ ರೀತಿ ಸರಳ. ಹೂವಿನ ಆಯುಸ್ಸು ಒಂದೇ ದಿನ, ಬೆಳಕಾದರೆ ಜೇನುನೊಣ ಬರುತ್ತದೆ. ಅದಕ್ಕೇ ನಸುಕಿನಲ್ಲೇ ಮೊಗ್ಗು ಬಿಡಿಸಿ, ಎಸಳು ಕೇಸರ ಕಿತ್ತು, ಬೇಕಾದ ಗಿಡದ ಪರಾಗ ಸವರಿ, ತೊಟ್ಟಿಗೆ ಬಣ್ಣದ ದಾರವೋ ಚೀಟಿಯೋ ಕಟ್ಟುತ್ತಾರೆ. ಆರೆಂಟು ವಾರಕ್ಕೆ ಕಾಯಿ ಕಂದಾಗಿ ಮೂರು ಹೋಳಾಗಿ ಬಿರಿಯುತ್ತದೆ. ಒಳಗೆ ರೆಕ್ಕೆಯುಳ್ಳ ಚಪ್ಪಟೆ ಬೀಜ ಕಪ್ಪಗಿದ್ದರೆ ಗಟ್ಟಿ, ಬಿಳಿಚಿಕೊಂಡಿದ್ದರೆ ಜೊಳ್ಳು. ಹೊರಗಿಟ್ಟರೆ ಕಸುವು ಬೇಗ ಇಳಿಯುವುದರಿಂದ ಒಣಗಿಸಿ ಫ್ರಿಜ್ಜಿನಲ್ಲಿಡುತ್ತಾರೆ.

ಈ ವಾದಕ್ಕೆ ಆಕ್ಷೇಪಗಳಿವೆ. ಹವ್ಯಾಸಿಗಳು ಕೊಡುವ ಬೀಜದಲ್ಲೂ ಬಹುಪಾಲು ಜೇನುನೊಣ ಮಾಡಿದ್ದು, ತಂದೆ ಯಾರೆಂದು ಗೊತ್ತಿರುವುದಿಲ್ಲ ಎನ್ನುವುದು ಒಂದು. ನಿಜವೇ. ಸಸ್ಯೋದ್ಯಾನಗಳು ಪರಸ್ಪರ ಹಂಚಿಕೊಂಡು ಬಂದ ಬೀಜಕ್ಕೂ ಇದು ಅನ್ವಯಿಸುತ್ತದೆ. ಅಕ್ಕಪಕ್ಕ ಹತ್ತು ಜಾತಿ ನೆಟ್ಟ ಕಡೆ ಕಾಯಿಯ ಚೀಟಿ ಹೇಳುವುದು ಅರ್ಧ ಸತ್ಯ. ಆದರೆ ಹೋಸ್ಟಾದಲ್ಲಿ ತಾಯಿಯ ಅರ್ಧ ತೂಕದ ಅರ್ಧ ಎಂಬುದನ್ನು ಆಗಲೇ ನೋಡಿದೆವು. ಅದೂ ಇಲ್ಲದ್ದಕ್ಕಿಂತ ಅದು ಎಷ್ಟೋ ವಾಸಿ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಟಿಶ್ಯೂ ಕಲ್ಚರ್ ಬಂದ ಮೇಲೆ ಹೆಸರಾಂತ ತಳಿಗಳೇ ಅಗ್ಗವಾಗಿವೆ, ಬೀಜದ ಹಂಗು ಏಕೆ? ಅದೇ ಗಿಡ ಬೇಕೆಂದರೆ ಗಿಡವನ್ನೇ ಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಗಿಡದ ಬುಡ ಸೀಳಿ ಸೀಳಿ ಹಂಚುವ ಪದ್ಧತಿಗೂ ತನ್ನದೇ ದಂಡವಿದೆ: 1996ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಬೆನ್ ಲಾಕ್‌ಹಾರ್ಟ್ ಗುರುತಿಸಿದ ಹೋಸ್ಟಾ ವೈರಸ್ ಎಕ್ಸ್ ಹರಡಿದ್ದು ರೋಗದ ಗಿಡ ಸೀಳಿದ ಚಾಕುವಿನ ರಸದಿಂದ, ಮಾರಾಟದ ಗಿಡಗಳ ಜೊತೆಗೇ. ರೋಗದ ಗಿಡದ ಬೀಜವನ್ನೂ ತೆಗೆದುಕೊಳ್ಳಬಾರದು. ತಾಯಿಗಿಡವನ್ನು ಕಂಡವರಿಂದಲೇ ಬೀಜ ಪಡೆಯಲು ಅದು ಇನ್ನೊಂದು ಕಾರಣ.

ಮಿಷಿಗನ್, ನ್ಯೂಜೆರ್ಸಿಗಳಲ್ಲಿ ನೆಲೆಸಿದ ಕನ್ನಡಿಗರು ಹೋಸ್ಟಾ ಬಿತ್ತುವುದಾದರೆ ಹತ್ತಿರದ ಹೋಸ್ಟಾ ಸಂಘದ ಸದಸ್ಯರನ್ನು ಹುಡುಕಲಿ. ತಾಯಿಗಿಡದ ಹೆಸರು, ಕಾಯಿ ಬಿಡಿಸಿದ ವರ್ಷ, ಇಟ್ಟಿದ್ದ ಜಾಗ, ಈ ಮೂರನ್ನೂ ಕೇಳಲಿ. ಉತ್ತರ ಬಾರದ ಕಡೆ ದುಡ್ಡು ಕೊಡುವುದು ಬೇಡ. ಬೆಂಗಳೂರಿನವರು ಆಸೆಪಡುವ ಮುನ್ನ ಒಂದು ಮಾತು: ಈ ಗಿಡಕ್ಕೆ ಚಳಿಗಾಲದಲ್ಲಿ ವಾರಗಟ್ಟಲೆ ಕೊರೆಯುವ ಚಳಿ ಬೇಕು, ಇಲ್ಲಿನ ಡಿಸೆಂಬರ್ ಅದಕ್ಕೆ ಸಾಲದು. ಜೊತೆಗೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಹೊರದೇಶದ ಬೀಜ ತರಲು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸೂಟ್‌ಕೇಸಿನ ಮೂಲೆಯಲ್ಲಿ ಹಾಕಿಕೊಂಡು ಬರುವಂತಿಲ್ಲ.