ಮುಖಪುಟದ ಒಂಟಿ ಮುಖ: ಪುಣೆಯ ಪ್ರಭಾತ್, ‘ಫಿಲ್ಮ್‌ಇಂಡಿಯಾ’ ಮತ್ತು ಕಲಬುರಗಿಯ ಎಸ್.ಎಂ. ಪಂಡಿತ್

ಹಳೆಯ ಪತ್ರಿಕೆಗಳನ್ನು ವರ್ಷವಾರು ಬೈಂಡ್ ಮಾಡಿಸುವಾಗ ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ಮೊದಲು ಕಿತ್ತುಹಾಕುತ್ತಿದ್ದುದು ಮುಖಪುಟ ಮತ್ತು ಜಾಹೀರಾತಿನ ಹಾಳೆಗಳನ್ನು. ಓದುವಂಥದ್ದೆಲ್ಲ ಒಳಗಿದೆ, ಹೊರಗಿನದು ಬರೀ ಹೊದಿಕೆ ಎಂಬ ಲೆಕ್ಕಾಚಾರ. ಸಿನಿಮಾ ಪತ್ರಿಕೆಗಳ ಪಾಲಿಗೆ ಬೈಂಡಿನ ಮರ್ಯಾದೆಯೂ ಅಪರೂಪ; ಅವು ಕ್ಷೌರದಂಗಡಿ ಸೇರಿ ಅಲ್ಲಿಂದ ರದ್ದಿಗೆ ಹೋದವು. ಆದ್ದರಿಂದ ಸಿನಿಮಾ ಮುಖಪುಟಗಳ ಚರಿತ್ರೆ ಬರೆಯಹೊರಟವರಿಗೆ ಪುಣೆಯ ದಾರಿ ತಪ್ಪಿದ್ದಲ್ಲ. ಅಲ್ಲಿನ ಲಾ ಕಾಲೇಜು ರಸ್ತೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ. ಅದನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ರೀಲುಗಳ ಜೊತೆಗೆ ಪೋಸ್ಟರು, ಹಾಡಿನ ಪುಸ್ತಕ, ಸ್ಟಿಲ್, ಪತ್ರಿಕೆ ಎಲ್ಲವೂ ಅಲ್ಲಿ ಸಂಗ್ರಹಕ್ಕೆ ಯೋಗ್ಯವೆನಿಸಿದವು.

ಆ ಸಂಗ್ರಹಾಲಯದ ನೆರೆಯಲ್ಲೇ ಇದೆ ಇಂದಿನ ಫಿಲ್ಮ್ ಇನ್‌ಸ್ಟಿಟ್ಯೂಟ್. 1960ರಲ್ಲಿ ಅದು ಶುರುವಾದದ್ದು ಪ್ರಭಾತ್ ಫಿಲ್ಮ್ ಕಂಪನಿಯ ಸ್ಟುಡಿಯೋದಲ್ಲಿ. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಪ್ರಭಾತ್, 1933ರಲ್ಲಿ ಪುಣೆಗೆ ಬಂತು. ಪಾಲುದಾರರಲ್ಲಿ ವಿ. ಶಾಂತಾರಾಮರ ಹೆಸರು ಹೆಚ್ಚು ಕೇಳಿಬರುತ್ತದೆ, ಆದರೆ ನಮ್ಮ ವಿಷಯಕ್ಕೆ ಮುಖ್ಯರಾದವರು ದಾಮ್ಲೆ ಮತ್ತು ಫತೇಲಾಲ್. ಇಬ್ಬರೂ ಕುಂಚ ಹಿಡಿದು ಬಂದವರು, ಬಾಬುರಾವ್ ಪೇಂಟರ್ ಗರಡಿಯಲ್ಲಿ ಪಳಗಿದವರು. ಪೇಂಟರ್ ತಮ್ಮ ಚಿತ್ರಗಳ ಪೋಸ್ಟರುಗಳನ್ನು ತಾವೇ ಬರೆಯುತ್ತಿದ್ದರು. 1924ರ ‘ಕಲ್ಯಾಣ್ ಖಜಿನಾ’ ಪೋಸ್ಟರು ನಮಗೆ ಉಳಿದಿರುವ ಅತಿ ಹಳೆಯವುಗಳಲ್ಲಿ ಒಂದು. ಅಂದರೆ ಈ ಭಾಗದ ಸಿನಿಮಾದವರಿಗೆ ಪ್ರಚಾರ ಎಂದರೇ ಚಿತ್ರಕಾರನ ಕೆಲಸವಾಗಿತ್ತು.

ಬಣ್ಣದ ಹಂಬಲವೂ ಅವರಿಗಿತ್ತು. 1933ರ ‘ಸೈರಂಧ್ರಿ’ಯನ್ನು ಪ್ರಭಾತ್ ಬಣ್ಣದಲ್ಲಿ ತರಲು ಹೊರಟು, ಪ್ರತಿಗಳ ಸಂಸ್ಕರಣೆಯನ್ನು ಜರ್ಮನಿಯಲ್ಲಿ ಮಾಡಿಸಿತು. ಫಲ ಕೈಗೂಡಲಿಲ್ಲ. ಮುಂದೆಯೂ ಬಹುಕಾಲ ತೆರೆಯ ಮೇಲಿನ ನಾಯಕಿಗೆ ಬಣ್ಣವಿರಲಿಲ್ಲ. ಅವಳ ಸೀರೆ ಕೆಂಪೋ ಹಸಿರೋ, ತುಟಿ ಎಷ್ಟು ರಂಗೇರಿದೆ ಎಂಬುದು ನೋಡುವವನ ಊಹೆಗೆ ಬಿಟ್ಟದ್ದು. ಆ ಊಹೆಯನ್ನು ಕಾಸಿಗೆ ಮಾರಿದ್ದು ಪತ್ರಿಕೆಯ ಮುಖಪುಟ. 1930–40ರ ಮುಖಪುಟಗಳ ವಿನ್ಯಾಸವನ್ನು ಈ ಕೊರತೆಯಿಂದಲೇ ಓದಬೇಕು ಎಂಬುದು ನನ್ನ ವಾದ.

ಬಾಬುರಾವ್ ಪಟೇಲ್ 1935ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಇಂಗ್ಲಿಷ್ ಮಾಸಿಕ ‘ಫಿಲ್ಮ್‌ಇಂಡಿಯಾ’ ಇದಕ್ಕೆ ಒಳ್ಳೆಯ ನಿದರ್ಶನ. ಒಳಪುಟಗಳಲ್ಲಿ ಪಟೇಲರ ಬಾಯಿ ಬಲು ಜೋರು. ವಿಮರ್ಶೆಯಲ್ಲಿ ಯಾರನ್ನೂ ಬಿಟ್ಟವರಲ್ಲ. ಹೊರಪುಟ ಮಾತ್ರ ಹೆಚ್ಚೂಕಡಿಮೆ ಮೌನಿ. ಪತ್ರಿಕೆಯ ಹೆಸರು, ಅದೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ. ಉಳಿದ ಜಾಗವೆಲ್ಲ ಒಂದು ಮುಖಕ್ಕೆ. ಆ ಮುಖಗಳಲ್ಲಿ ಅನೇಕವನ್ನು ಬರೆದವರು ನಮ್ಮ ಕಲಬುರಗಿಯ ಎಸ್.ಎಂ. ಪಂಡಿತ್ (1916–1993). ಮದರಾಸಿನಲ್ಲೂ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲೂ ಕಲಿತ ಅವರು, ಮುಂಬಯಿಯ ಮೆಟ್ರೋ ಚಿತ್ರಮಂದಿರಕ್ಕಾಗಿ ಹಾಲಿವುಡ್ ಚಿತ್ರಗಳ ಪ್ರಚಾರ ಫಲಕಗಳನ್ನು ಬರೆದು ಕೈ ಪಳಗಿಸಿಕೊಂಡಿದ್ದರು.

ಪಂಡಿತರ ಮುಖಚಿತ್ರವನ್ನು ಹತ್ತಿರದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಬೆಳಕು. ಕೆನ್ನೆಯ ಅಂಚಿಗೆ, ಕೂದಲ ಸುರುಳಿಗೆ, ಮೂಗಿನ ತುದಿಗೆ ಹಿಂದಿನಿಂದ ಬಿದ್ದ ಸ್ಟುಡಿಯೋ ದೀಪದ ಗೆರೆ. ಅದು ಛಾಯಾಗ್ರಾಹಕನಿಂದ ಕಲಿತದ್ದು. ನೆರಳಿನೊಳಗೆ ಸೇರಿದ ನೀಲಿ, ಹಸಿರುಗಳು ಮಾತ್ರ ಯಾವ ಛಾಯಾಚಿತ್ರದಲ್ಲೂ ಇರಲಾರದವು. ಕೆಲಸ ಮಾಡುತ್ತಿದ್ದುದು ಗೌಶ್‌ನಲ್ಲಿ, ಅಂದರೆ ಮಂದ ಜಲವರ್ಣದಲ್ಲಿ: ಬೇಗ ಒಣಗುತ್ತದೆ, ಒಂದರ ಮೇಲೊಂದು ಬಣ್ಣ ಕೂರಿಸಬಹುದು, ಕ್ಯಾಮೆರಾ ಮುಂದಿಟ್ಟು ಬ್ಲಾಕ್ ಮಾಡುವಾಗ ಎಣ್ಣೆಬಣ್ಣದಂತೆ ಹೊಳೆದು ಕಾಟ ಕೊಡುವುದಿಲ್ಲ. ಆಗ ಒಂದೊಂದು ಬಣ್ಣಕ್ಕೂ ಒಂದೊಂದು ಬ್ಲಾಕು, ಒಂದೊಂದು ಸಲ ಅಚ್ಚು. ಕಾಗದ ಕೂದಲೆಳೆಯಷ್ಟು ಸರಿದರೂ ನಾಯಕಿಯ ತುಟಿರಂಗು ತುಟಿ ದಾಟುತ್ತಿತ್ತು. ದೊಡ್ಡ ಮುಖ, ಖಾಲಿ ಹಿನ್ನೆಲೆ, ಸಣ್ಣ ವಿವರಗಳಿಗೆ ಕತ್ತರಿ: ಇದರಲ್ಲಿ ಸೌಂದರ್ಯಪ್ರಜ್ಞೆ ಎಷ್ಟೋ, ಅಚ್ಚುಕೂಟದ ಅನಿವಾರ್ಯತೆಯೂ ಅಷ್ಟೇ.

ಆದರೆ ಒಂಟಿ ಮುಖಕ್ಕೆ ಇನ್ನೊಂದು ಪರಿಣಾಮವಿತ್ತು. ಪ್ರಭಾತ್ ತನ್ನ ಚಿತ್ರಗಳನ್ನು ಮಾರುತ್ತಿದ್ದುದು ಕಂಪನಿಯ ಹೆಸರಿನಲ್ಲಿ. ತುತ್ತೂರಿ ಊದುವ ಹೆಣ್ಣಿನ ಲಾಂಛನವೇ ಅದರ ಗುರುತು. ನಟನಟಿಯರು ಸಂಬಳದ ನೌಕರರು. ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆದ ‘ಸಂತ ತುಕಾರಾಮ್’ (1936) ಜನಮನದಲ್ಲಿ ನಿಂತಿದ್ದು ‘ಪ್ರಭಾತ್‌ನ ಚಿತ್ರ’ವಾಗಿ. ಮುಖಪುಟಕ್ಕೆ ಈ ಒಟ್ಟು ಕುಟುಂಬದ ಗೊಡವೆ ಬೇಡ, ಒಬ್ಬಳು ಸಾಕು. ‘ಕುಂಕೂ’ (1937) ನಾಯಕಿ ಶಾಂತಾ ಆಪ್ಟೆ 1939ರಲ್ಲಿ ಕರಾರಿನ ಜಗಳದಲ್ಲಿ ಪ್ರಭಾತ್ ಸ್ಟುಡಿಯೋದ ಬಾಗಿಲಲ್ಲೇ ಉಪವಾಸ ಕೂತರು. ನೌಕರಳೊಬ್ಬಳ ತಕರಾರು ದೊಡ್ಡ ಸುದ್ದಿಯಾಗಲು ಮುಖ ಪರಿಚಿತವಾಗಿರಬೇಕು. ಆ ಪರಿಚಯವನ್ನು ತೆರೆಯ ಜೊತೆಗೆ ಪತ್ರಿಕೆಗಳೂ ಬೆಳೆಸಿದ್ದವು. ಮುಖಪುಟದಿಂದಲೇ ಉಪವಾಸ ಹುಟ್ಟಿತು ಎಂದರೆ ಅತಿಯಾದೀತು, ಎರಡಕ್ಕೂ ಸಂಬಂಧವಿಲ್ಲ ಎಂದರೂ ತಪ್ಪಾದೀತು. ಅದೇ ವರ್ಷ ಪ್ರಭಾತ್‌ನ ‘ಮಾಣೂಸ್’ ಚಿತ್ರದಲ್ಲಿ ನಾಯಕಿಯಾದವರು ಹುಬ್ಬಳ್ಳಿ ಕಡೆಯ ಶಾಂತಾ ಹುಬಳೀಕರ್. ಮುಂದೆ 1942ರಲ್ಲಿ ಕನ್ನಡದ ‘ಜೀವನ ನಾಟಕ’ದಲ್ಲೂ ಅವರು ನಟಿಸಿದರು.

ಇಷ್ಟಕ್ಕೂ ಆ ಮುಖಪುಟ ಯಾರನ್ನು ಸೆಳೆಯಲು? ಓದುಗರನ್ನು ಎಂಬ ಉತ್ತರ ಅರ್ಧ ಸತ್ಯ. ‘ಫಿಲ್ಮ್‌ಇಂಡಿಯಾ’ದ ಮುಖಚಿತ್ರದ ವಿವರಣೆಯಲ್ಲಿ ನಟಿಯ ಹೆಸರಿನ ಬೆನ್ನಿಗೇ ಚಿತ್ರದ ಹೆಸರು, ನಿರ್ಮಾಪಕರ ಹೆಸರು ಬರುವುದುಂಟು, ಒಳಗೆ ಸ್ಟುಡಿಯೋಗಳ ಪೂರ್ಣಪುಟ ಜಾಹೀರಾತು. ಮುಖಪುಟ ಅರ್ಧ ಪತ್ರಿಕೆಯದು, ಅರ್ಧ ಪೋಸ್ಟರು. ಪೋಸ್ಟರು ಬರೆದ ಕೈಯೇ ಮುಖಪುಟವನ್ನೂ ಬರೆದದ್ದು ಆಕಸ್ಮಿಕವಲ್ಲ. ಓದುಗನ ಪಾಲಿಗೆ ಇದ್ದದ್ದು ಅಂಗಡಿಯ ಲೆಕ್ಕ: ಪತ್ರಿಕೆಗಳನ್ನು ಒಂದರ ಮೇಲೊಂದು ಒತ್ತಾಗಿ ಜೋಡಿಸಿದಾಗ ಕಾಣುವುದು ಮೇಲಿನ ಪಟ್ಟಿ ಮಾತ್ರ. ಹೆಸರು ಅಲ್ಲಿರಬೇಕು, ಕಣ್ಣುಗಳು ಅದರ ಕೆಳಗೇ ಇರಬೇಕು.

ಪುಣೆ–ಮುಂಬಯಿಯ ಮರಾಠಿ ಓದುಗರಿಗೆ ಈ ಬಗೆಯ ಮುಖಪುಟ ದೀಪಾವಳಿ ವಿಶೇಷಾಂಕಗಳಿಂದಲೂ ಪರಿಚಿತ. 1909ರಲ್ಲಿ ‘ಮನೋರಂಜನ’ ಹಾಕಿಕೊಟ್ಟ ಆ ಪರಂಪರೆಯಲ್ಲಿ ರಘುವೀರ ಮುಳಗಾಂವಕರ್, ದೀನಾನಾಥ ದಲಾಲ್ ಬರೆದ ಹೆಣ್ಣುಗಳು ಮನೆಮಾತು. ಪಂಡಿತರ ಅಂಚುಬೆಳಕು ಕೂಡ ಸಿನಿಮಾದಲ್ಲೇ ನಿಲ್ಲಲಿಲ್ಲ. ಕ್ಯಾಲೆಂಡರುಗಳಿಗೆ ಬರೆಯತೊಡಗಿದಾಗ ರಾಧೆ, ಶಕುಂತಲೆಯರ ಕೆನ್ನೆಗೂ ಅದೇ ದೀಪ ಹಚ್ಚಿದರು.

ಕುಂಚದ ಕಾಲ ಮುಗಿದದ್ದು ಬಣ್ಣದ ಛಾಯಾಚಿತ್ರ ಮತ್ತು ಆಫ್‌ಸೆಟ್ ಬಂದಾಗ. 1952ರ ‘ಫಿಲ್ಮ್‌ಫೇರ್’ ಮೊದಲ ಸಂಚಿಕೆಯಲ್ಲಿ ಕಾಮಿನಿ ಕೌಶಲ್ ಇದ್ದರು. ಅಲ್ಲೂ ರಾಜ್ಯವಾಳಿದ್ದು ಮುಖವೇ. 1971ರ ಅಕ್ಟೋಬರಿನಲ್ಲಿ ಬಂದ ‘ಸ್ಟಾರ್‌ಡಸ್ಟ್’, ರಾಜೇಶ್ ಖನ್ನಾ ಗುಟ್ಟಾಗಿ ಮದುವೆಯಾಗಿದ್ದಾರೆಯೇ ಎಂಬ ಪ್ರಶ್ನೆಯನ್ನು ಹೊರಗೇ ಅಚ್ಚುಹಾಕಿತು. ಪಟೇಲರು ಒಳಗಿಟ್ಟಿದ್ದ ಬಾಯಿ ಹೊರಗೆ ಬಂತು. ಮದರಾಸಿನಿಂದ ಬರುತ್ತಿದ್ದ ಕನ್ನಡದ ‘ವಿಜಯಚಿತ್ರ’, ಮಣಿಪಾಲದ ‘ರೂಪತಾರಾ’ಗಳ ಮುಖಪುಟಗಳನ್ನು ಈ ಎರಡು ಬಗೆಗಳ ಪಕ್ಕದಲ್ಲಿಟ್ಟು ನೋಡುವ ಕೆಲಸ ಬೇಗ ಆಗಬೇಕು, ಕನ್ನಡದಲ್ಲೂ ಬೈಂಡ್ ಮಾಡುವವರ ಕತ್ತರಿ ಮುಖಪುಟಗಳಿಗೆ ದಯೆ ತೋರಿದ್ದು ಕಡಿಮೆ.