‘ಸೇಂಟ್’ ಮತ್ತು ‘ಸಂತ’: ಧ್ವನಿಸಾಮ್ಯ ಹಾಗೂ ಮೂಲಭೇದ

ಚೆನ್ನೈ ನಗರದ ಅಂಬತ್ತೂರಿನಲ್ಲಿ ಸಂಚರಿಸುವ ಕನ್ನಡಿಗನಿಗೆ ಇಗರ್ಜಿ, ಶಾಲೆಗಳ ಫಲಕಗಳಲ್ಲಿ ಇಂಗ್ಲಿಷಿನ ‘ಸೇಂಟ್’, ತಮಿಳಿನ ‘ಪುನಿತ’ ಎಂಬ ಎರಡು ಪದಗಳು ಎದುರಾಗುತ್ತವೆ. ‘ಪುನಿತ’ವು ಶುದ್ಧಿಯನ್ನು ಸೂಚಿಸುವ ಸಂಸ್ಕೃತದ ‘ಪೂ’ ಧಾತುವಿಗೆ ಸಂಬಂಧಿಸಿದ್ದು. ಕನ್ನಡದಲ್ಲಿಯಾದರೋ ಈ ಸ್ಥಾನದಲ್ಲಿ ‘ಸಂತ’ ಎಂಬ ಪದವಿದೆ. ಮಂಗಳೂರಿನಲ್ಲಿ 1880ರಲ್ಲಿ ಸ್ಥಾಪಿತವಾದ ಕಾಲೇಜು ‘ಸಂತ ಅಲೋಶಿಯಸ್’ ಎಂದೇ ಪ್ರಸಿದ್ಧ. ‘ಸೇಂಟ್’ ಮತ್ತು ‘ಸಂತ’ ಒಂದೇ ಮೂಲದವೇ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

‘ಸೇಂಟ್’ ಪದದ ಮೂಲ ಲ್ಯಾಟಿನ್ನಿನ ‘ಸಾಂಕ್ಟುಸ್’. ವಿಧಿ ಇಲ್ಲವೆ ಶಾಸನದಿಂದ ಅನುಲ್ಲಂಘನೀಯವಾಗಿಸು ಎಂಬರ್ಥದ ಕ್ರಿಯಾಪದದ ಕೃದಂತರೂಪವಿದು. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ರೂಪ 1640ರ ಸೇಂಟ್ ಜಾರ್ಜ್ ಕೋಟೆಯ ಹೆಸರಿನಲ್ಲಿದೆ. ಪೋರ್ಚುಗೀಸ್ ರೂಪ ಅದೇ ನಗರದ ಸಾಂತೋಮ್ ಎಂಬ ಹೆಸರಿನಲ್ಲಿ ಉಳಿದಿದೆ.

‘ಸಂತ’ ಪದದ ಮೂಲವಾದರೋ ‘ಇರು’ ಎಂಬರ್ಥದ ಸಂಸ್ಕೃತ ‘ಅಸ್’ ಧಾತು. ಅದರ ವರ್ತಮಾನ ಕೃದಂತ ‘ಸತ್’, ಬಹುವಚನ ‘ಸಂತಃ’. ಇರುವುದು, ನಿಜವಾದುದು, ಒಳ್ಳೆಯದು ಎಂಬುದು ಇದರ ಅರ್ಥವಿಸ್ತಾರ. ಇಂಗ್ಲಿಷಿನಲ್ಲಿ ಇದರ ನಿಜವಾದ ಜ್ಞಾತಿಪದವೆಂದರೆ ಸತ್ಯವೆಂಬರ್ಥದ ಹಳೆಯ ‘ಸೂತ್’, ‘ಸೇಂಟ್’ ಅಲ್ಲ. ಧ್ವನಿಸಾಮ್ಯವು ಕ್ರೈಸ್ತ ಬಳಕೆಗೆ ಅನುಕೂಲವಾಗಿರಬೇಕೆಂದು ನಾವು ಊಹಿಸುತ್ತೇವೆ. ಆದರೆ ಸಾಮ್ಯವು ಸಂಬಂಧವಲ್ಲ. ತದ್ಭವಗಳನ್ನು ಧ್ವನಿವ್ಯತ್ಯಾಸದ ನಿಯಮಗಳಿಗೆ ಒಳಪಡಿಸಿ ವಿವೇಚಿಸಿದ 13ನೆಯ ಶತಮಾನದ ಕೇಶಿರಾಜನ ಮಾರ್ಗವೂ ಇದೇ ವಿವೇಕವನ್ನು ಬೋಧಿಸುತ್ತದೆ.

ಈ ಭೇದ ಕೇವಲ ನಿಷ್ಪತ್ತಿಗೆ ಸೀಮಿತವಲ್ಲ. ಕ್ಯಾಥೊಲಿಕ್ ಪರಂಪರೆಯಲ್ಲಿ ‘ಸೇಂಟ್’ ಪದವಿಯನ್ನು ಧರ್ಮಪೀಠ ವಿಧಿವತ್ತಾಗಿ ಘೋಷಿಸುತ್ತದೆ. ಪದದ ಮೂಲಾರ್ಥ ಅಲ್ಲಿ ಇಂದಿಗೂ ಜೀವಂತ. ಮುಸಲ್ಮಾನ ಕುಟುಂಬದಲ್ಲಿ ಜನಿಸಿ ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫರನ್ನು (1819–1889) ‘ಸಂತ’ರೆಂದು ಯಾವ ಪೀಠವೂ ಘೋಷಿಸಲಿಲ್ಲ, ಅವರ ಪದಗಳನ್ನು ಹಾಡಿದ ಜನರೇ ಹಾಗೆ ಕರೆದರು.

ಆದುದರಿಂದ ಹೊರರಾಜ್ಯಗಳ ವಿದ್ವಾಂಸರು ಶರೀಫರನ್ನು ಇಂಗ್ಲಿಷಿನಲ್ಲಿ ‘ಸೇಂಟ್’ ಎಂದು ಬರೆಯುವಾಗ ಒಂದು ಟಿಪ್ಪಣಿ ಅವಶ್ಯ. ಇಲ್ಲವಾದರೆ ಲೋಕಮನ್ನಣೆಯಿಂದ ಬಂದ ಹಿರಿಮೆಗೆ ಅಧಿಕಾರಮುದ್ರೆಯ ಅರ್ಥವನ್ನು ಆರೋಪಿಸಿದಂತಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.